ಹಳದಿ ಬಿಲ್ಲೆ

ಮಂಗಳವಾರ, 14 ಅಕ್ಟೋಬರ್ 2025, ಬೆಳಿಗ್ಗೆ 9.40ಕ್ಕೆ ಪುಣೆಯ ನಿಗಡಿ ಪೊಲೀಸ್ ಠಾಣೆಗೆ ಬಂದ ದೂರು ಮೇಲ್ನೋಟಕ್ಕೆ ಸರಳವಾಗಿತ್ತು. ದೂರುದಾರ ದೇವಾನಂದ, ಕಬ್ಬಿಣದ ಹಲಗೆಗಳಿಗೆ ಬಣ್ಣ ಬಳಿದು ಒಣಗಿಸಿ ಕೊಡುವ ಕಾರ್ಖಾನೆಯ ಮ್ಯಾನೇಜರ್. ಅಂದು 8.10ಕ್ಕೆ ಒಣಗಿಸುವ ಒಲೆಗೆ ಬೆಂಕಿ ಹತ್ತಿ, ಮಾಂತು ಎಂಬ ಕೆಲಸಗಾರನ ಎರಡೂ ಕೈ ಸುಟ್ಟಿದ್ದವು. ತಪ್ಪು ಯಾರದೆಂಬುದನ್ನೂ ದೇವಾನಂದನೇ ಬರೆದುಕೊಂಡು ಬಂದಿದ್ದ. ಒಲೆಯೊಳಗಿನ ಶಾಖ ಅಳೆಯುವ ಇನ್‌ಫ್ರಾರೆಡ್ ಸೆನ್ಸರಿಗೆ ಧೂಳು ತಾಗದಂತೆ ಅದರ ಮುಂದೆ ಹಳದಿ ಬಣ್ಣದ ದುಬಾರಿ ಬಿಲ್ಲೆ ಹಾಕಬೇಕಿತ್ತು. ಸರ್ವಿಸ್ ಎಂಜಿನಿಯರ್ ಸಪ್ನಾ ಅದನ್ನು ಲಪಟಾಯಿಸಿ ಬರೀ ಗಾಜು ಕೂರಿಸಿದ್ದಾಳೆ ಎಂಬುದು ಅವನ ಆರೋಪ.

ಇನ್ಸ್‌ಪೆಕ್ಟರ್ ಚನ್ನವೀರ ಎಫ್‌ಐಆರ್ ದಾಖಲಿಸಿಕೊಂಡರು. ಅಕ್ಕಲಕೋಟೆಯವರು, ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ಮರಾಠಿ. ಅಪರಾಧಿಯ ಹೆಸರನ್ನು ತಟ್ಟೆಯಲ್ಲಿಟ್ಟು ತಂದುಕೊಡುವ ದೂರುಗಳ ಮೇಲೆ ಅವರಿಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

11.15ಕ್ಕೆ ಪಂಚನಾಮೆ ಶುರುವಾಯಿತು. ಒಲೆಯ ಶೆಡ್ಡು ಕಾರ್ಖಾನೆಯ ಕಟ್ಟಕಡೆಗಿತ್ತು. ಅಲ್ಲಿ ಹಲಗೆ ಏರಿಸುವ ಗುರಣ್ಣ ಒಬ್ಬನೇ ಕೆಲಸಗಾರ. ಮಾಂತು ಒಣಗಿದ್ದನ್ನು ಒಯ್ಯಲು ಬಂದು ಹೋಗುತ್ತಿದ್ದವನು. ಗುರಣ್ಣ ಯಾದಗಿರಿ ಕಡೆಯವನು, ಐವತ್ತಾರರ ವಯಸ್ಸು, ಪುಣೆಗೆ ಬಂದು ಇಪ್ಪತ್ತೆರಡು ವರ್ಷ.

"ಸೆನ್ಸರಿನ ಹತ್ರ ಯಾರರ ಬಂದಿದ್ರೇನು?" ಚನ್ನವೀರ ಕೇಳಿದರು.

"ಇಲ್ಲಿ ಯಾರೂ ಬರಂಗಿಲ್ರಿ ಸಾಹೇಬ್ರ," ಎಂದ ಗುರಣ್ಣ.

ಕಾನ್ಸ್‌ಟೇಬಲ್ ಸೋನಾಲಿ ಸೆನ್ಸರಿನ ಮುಂದಿನ ರಿಂಗು ಬಿಚ್ಚಿದಳು. ಒಳಗಿದ್ದದ್ದು ರೂಪಾಯಿ ನಾಣ್ಯದಗಲದ ಸಾದಾ ಗಾಜು; ಇಕ್ಕಳದಿಂದ ಕಡಿದು ದುಂಡಗೆ ಮಾಡಿದ್ದರು. ಅಂಚಿನಲ್ಲಿ ಕೆಂಪು ಕಲೆ. ಕುಂಕುಮ. ದಸರೆಯ ಖಂಡೆ ಪೂಜೆಯದ್ದು, ಎಲ್ಲ ಮಷಿನ್ನಿಗೂ ಹಚ್ಚಿದ್ದೇವೆ ಎಂದು ದೇವಾನಂದ ಮಾತು ತೇಲಿಸಿದ. ಆದರೆ ಕಲೆಯಿದ್ದದ್ದು ರಿಂಗು ಕಚ್ಚಿ ಹಿಡಿದಿದ್ದ ಜಾಗದಲ್ಲಿ. ಗಾಜು ಅಲ್ಲಿಗೆ ಬರುವ ಮೊದಲೇ ಅದಕ್ಕೆ ಕುಂಕುಮ ಹತ್ತಿತ್ತು. ಚನ್ನವೀರ ಇದನ್ನು ಬರೆಸಿದರು.

12.30ಕ್ಕೆ ಸಪ್ನಾ ವಾಕಡದಿಂದ ಠಾಣೆಗೆ ಬಂದಳು. ಇಪ್ಪತ್ತಾರರ ಹುಡುಗಿ, ಕನ್ನಡದ ಮನೆಯವಳು. ಅವಳ ಕಂಪನಿ ಬೆಳಿಗ್ಗೆಯೇ ಫೋನಿನಲ್ಲಿ ಕೆಲಸಕ್ಕೆ ಬರಬೇಡ ಎಂದಿತ್ತು. ಆರೋಪ ಸಾಬೀತಾದರೆ ಮುಂದಿನದು ಜೈಲು. ಆ ಗಾಜನ್ನು ಕಂಡವಳೇ, ತಾನು ಹಾಕಿದ್ದು ಇದಲ್ಲ ಎಂದಳು. ಹೇಗೆ ನಂಬುವುದು ಎಂದು ಕೇಳಿದ್ದಕ್ಕೆ ಕೈಚೀಲದಿಂದ ಪಿಸ್ತೂಲಿನಂಥ ಥರ್ಮಾಮೀಟರ್ ತೆಗೆದು, ಮೇಜಿನ ಮೇಲಿದ್ದ ಚಹಾಕ್ಕೆ ಹಿಡಿದಳು. 71 ಡಿಗ್ರಿ. ನಡುವೆ ಕಿಟಕಿ ಗಾಜಿನ ಚೂರು ಹಿಡಿದಳು. 32. ಗಾಜು ತೆಗೆದು ಹೂವಿನಂಗಡಿಯ ತೆಳು ಪ್ಲಾಸ್ಟಿಕ್ ಹಾಳೆ ಹಿಡಿದಾಗ 63.

"ಗಾಜಿನ್ಯಾಗ ಕಣ್ಣಿಗೆ ಎಲ್ಲಾ ಕಾಣ್ತದರಿ, ಆದ್ರ ಈ ಶಾಖ ದಾಟಂಗಿಲ್ಲ. ಅದಕ್ಕ ಝಿಂಕ್ ಸೆಲೆನೈಡಿನ ಹಳದಿ ಬಿಲ್ಲೆ ಬೇಕು. ಗಾಜು ಹಾಕಿದ್ರ ಸೆನ್ಸರ್ ಒಲಿ ಆರೇದ ಅಂತ ತಿಳೀತದ, ಮಷಿನ್ ಇನ್ನಷ್ಟು ಉರಿ ಹಚ್ಚತದ. ಕಾಕಾಗೂ ಒಮ್ಮೆ ಹಿಂಗ ಚಹಾದ ಮ್ಯಾಲ ತೋರಿಸಿದ್ದೆ."

"ಯಾವ ಕಾಕಾ?"

"ಗುರಣ್ಣ ಕಾಕಾ."

ಚನ್ನವೀರ ಜೊತೆಗೆ ತಂದಿದ್ದ ಕಾರ್ಖಾನೆಯ ಗೇಟು ರಿಜಿಸ್ಟರ್ ತೆರೆದರು. ಹೋದ ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಸಪ್ನಾಳ ಹೆಸರು, ಪ್ರತಿ ಸಲ ಒಂದು ತಾಸು. ಜುಲೈ 7ರಂದು ಹಳದಿ ಬಿಲ್ಲೆ ಕೂರಿಸಿದ ಮೇಲೆ ಒಂದು ಸಲವೂ ಇಲ್ಲ. ಬಿಲ್ಲೆ ಇಲ್ಲದಾಗ ಸೆನ್ಸರಿನ ಧೂಳು ಒರೆಸಲು ಬರುತ್ತಿದ್ದೆ, ಈಗ ಅದರ ಅಗತ್ಯವಿಲ್ಲ ಎಂದಳು. ಅದಕ್ಕೆ ಒಂದು ತಾಸು ಬೇಕೇ ಎಂದು ಕೇಳಿದರು. ಬೇಡ, ಹತ್ತು ನಿಮಿಷದ ಕೆಲಸ ಎಂದಳು. ಉಳಿದ ಹೊತ್ತು ಕಾಕಾ ಚಹಾ ಕಾಸುತ್ತಿದ್ದ, ಇಬ್ಬರೂ ಪೇಂಟಿನ ಡಬ್ಬಗಳ ಮೇಲೆ ಕೂತು ಕನ್ನಡ ಮಾತಾಡುತ್ತಿದ್ದರು. ಹೆಚ್ಚಾಗಿ ಕಾಕಾನ ತೀರಿಹೋದ ಹೆಂಡತಿ ಸಕ್ಕುಬಾಯಿಯ ಮಾತು. ಆಕೆಯ ಫೋಟೊಕ್ಕೆ ಕುಂಕುಮ ಹಚ್ಚದೆ ಅವನು ಕೆಲಸಕ್ಕೆ ಬಂದದ್ದೇ ಇಲ್ಲವಂತೆ.

ಚನ್ನವೀರ ರಿಜಿಸ್ಟರ್ ಮುಚ್ಚಿದರು.

ಸಂಜೆ 4.30ಕ್ಕೆ ಇಬ್ಬರು ಪಂಚರೊಡನೆ, ಗುರಣ್ಣನನ್ನೂ ಕರೆದುಕೊಂಡು, ಅವನ ಒಂದೇ ಕೋಣೆಯ ಖೋಲಿಗೆ ಹೋದರು. ಒಂದು ಚಾಪೆ, ಒಂದು ಸ್ಟವ್, ಒಂದೇ ಒಂದು ತಾಟು. ಗೋಡೆಯ ಮೇಲೆ ಸಕ್ಕುಬಾಯಿಯ ಫೋಟೊ. ಚೌಕಟ್ಟು ಇತ್ತು, ಗಾಜಿರಲಿಲ್ಲ. ಅಂದು ಬೆಳಗಿನ ಕುಂಕುಮ ನೇರ ಕಾಗದದ ಮೇಲೇ ಇತ್ತು, ಹಣೆ ಒದ್ದೆಯಾಗಿ ಉಬ್ಬಿತ್ತು. ಸೋನಾಲಿ ಕುಂಕುಮದ ಭರಣಿಯ ಪಕ್ಕದಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಹಳದಿ ಬಿಲ್ಲೆ, ಒಂದು ಗೀರೂ ಇಲ್ಲದೆ.

"ಬ್ಯಾರೆ ಗಾಜು ಸಿಗಲಿಲ್ಲೇನು?" ಚನ್ನವೀರ ಕೇಳಿದರು.

"ಮನ್ಯಾಗ ಇದ್ದ ಗಾಜು ಅದೊಂದರಿ. ನಿನ್ನೆ ಸಂಜೀಕ ಹಾಕಿದ್ನಿ."

"ಯಾಕ ಮಾಡಿದಿ?"

ಗುರಣ್ಣ ಫೋಟೊ ನೆಟ್ಟಗೆ ಮಾಡಿದ. "ಉರಿ ಹೆಚ್ಚಾದ್ರ ಸ್ವಿಚ್ ಬಿದ್ದು ಒಲಿ ತಾನ ಬಂದ್ ಆಗ್ತದ ಅಂದ್ಕೊಂಡಿದ್ದೆ. ಒಲಿ ಬಂದ್ ಆದ್ರ ರಿಪೇರಿಗೆ ಸಪ್ನಾನ್ನ ಕರೀತಾರ. ಊಟ ಆತೇನ್ರೀ ಕಾಕಾ ಅಂತ ಕೇಳಾಕಿ ಆಕಿ ಒಬ್ಬಾಕೀನ ಇದ್ಳರಿ."

ಆ ಸ್ವಿಚ್ಚು ಬೀಳುವ ಹಾಗಿರಲಿಲ್ಲ. ಪದೇ ಪದೇ ಕೆಲಸ ನಿಲ್ಲುತ್ತದೆಂದು ದೇವಾನಂದ ಆರು ತಿಂಗಳ ಹಿಂದೆಯೇ ಅದರ ತಂತಿ ತಪ್ಪಿಸಿದ್ದ. ದೂರು ಕೊಟ್ಟವನ ಹೆಸರೂ ಆರೋಪಿಗಳ ಪಟ್ಟಿ ಸೇರಿತು. ಗುರಣ್ಣನ ಬಂಧನ 5.20ಕ್ಕೆ. ಜೀಪು ಹತ್ತುವಾಗ ಅವನು ಮಾಂತುವಿನ ಕೈ ಹೇಗಿವೆ ಎಂದಷ್ಟೇ ಕೇಳಿದ. ಬೆರಳು ಉಳಿಯುತ್ತವೆ ಎಂದು ಸೋನಾಲಿ ಹೇಳಿದಾಗ ಮುಖ ಮುಚ್ಚಿಕೊಂಡ.

ಮರುದಿನ 10.30ಕ್ಕೆ ಬಿಲ್ಲೆ ಗುರುತಿಸಲು ಸಪ್ನಾ ಬಂದಳು. ಅವಳ ಧ್ವನಿ ಕೇಳಿ ಲಾಕಪ್ಪಿನಲ್ಲಿದ್ದ ಗುರಣ್ಣ ಎದ್ದು ನಿಂತ, ಅಂಗಿಯ ಗುಂಡಿ ಸರಿಮಾಡಿಕೊಂಡ. ಅವಳು ಅತ್ತ ತಿರುಗಲಿಲ್ಲ. ಹೇಳಿಕೆಯನ್ನು ಮೊದಲಿನಿಂದ ಕಡೆಯತನಕ ಮರಾಠಿಯಲ್ಲೇ ಕೊಟ್ಟು, ಸಹಿ ಮಾಡಿ ಹೋದಳು. ಅವಳ ಸ್ಕೂಟರಿನ ಸದ್ದು ಅಡಗುವವರೆಗೂ ಅವನು ನಿಂತೇ ಇದ್ದ.

ಆಮೇಲೆ ಚನ್ನವೀರರನ್ನು ಕೇಳಿದ, "ಸಾಹೇಬ್ರ, ಆ ಗಾಜು ಯಾವಾಗ ಕೊಡ್ತೀರಿ? ಫೋಟೊದ ಮ್ಯಾಲ ಧೂಳ ಬೀಳ್ತದ."

ಕೇಸು ಮುಗಿಯುವವರೆಗೆ ಕೊಡಲಾಗದು, ಅದು ಸಾಕ್ಷ್ಯ ಎಂದರು ಚನ್ನವೀರ. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಮೊದಲು 'ಹಾನಿ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ, 'ಮಾತಾಡಲು ಯಾರೂ ಇರಲಿಲ್ಲ' ಎಂದು ಬರೆದರು. ಲಾಕಪ್ಪಿನ ಬಾಗಿಲ ಬಳಿ ತಾಟಿನಲ್ಲಿ ಬೆಳಗಿನ ಅವಲಕ್ಕಿ ಪೋಹೆ ಮುಟ್ಟದೆ ಹಾಗೇ ಇತ್ತು.

"ಊಟ ಆತೇನ್ರೀ ಗುರಣ್ಣ?" ಎಂದು ಕೇಳಿದರು.

ಗುರಣ್ಣ ತಲೆಯೆತ್ತಿ ಅವರನ್ನು ನೋಡಿದ. "ಆತ್ರಿ," ಎಂದ.