ನೀಲಿಯ ಪೊಟ್ಟಣ

೧೯೯೬ರ ಏಪ್ರಿಲ್. ಕನಕಪುರ ರಸ್ತೆಯಾಚೆಯ ನಮ್ಮ ತೋಟದಲ್ಲಿ ಒಂದೇ ಕೋಣೆಯ ಮನೆಯಿತ್ತು. ಆಳು ಕೈಕೊಟ್ಟಿದ್ದರಿಂದ ಸುಣ್ಣ ಹೊಡೆಯಲು ಬನಶಂಕರಿಯಿಂದ ನಾವೇ ಹೋದೆವು. ಸುಣ್ಣ ಕಲಸಿದ ಮೇಲೆ ನೋಡಿದರೆ, ಅದಕ್ಕೆ ಬೆರೆಸುವ ನೀಲಿಯನ್ನೇ ಮರೆತು ಬಂದಿದ್ದೆವು. ಹೆಂಡತಿ ಶರ್ವಾಣಿ ಗೊಣಗುತ್ತಾ ಅಂಗಡಿಗೆ ಹೋದಳು. ಸುಮ್ಮನೆ ಕೂರಲಾರದೆ ನಾನು ಏಣಿ ಹತ್ತಿ, ಬರೀ ಬಿಳಿ ಸುಣ್ಣವನ್ನೇ ಹೊರಗೋಡೆಗೆ ಬಳಿಯತೊಡಗಿದೆ.

ಸ್ವಲ್ಪ ಹೊತ್ತಿಗೆ ಗೋಡೆಯ ಒಳಗಡೆಯಿಂದಲೂ ಬ್ರಷ್ ಎಳೆಯುವ ಸದ್ದು ಕೇಳಿಸಿತು. ನಾನು ಎಳೆದರೆ ಅದೂ ಎಳೆಯುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಇವಳು ಬಂದು ಕೈಹಾಕಿದ್ದಾಳೆ ಅಂದುಕೊಂಡೆ. ಆ ಉರಿಬಿಸಿಲಲ್ಲೂ ಗೋಡೆ ಮಾತ್ರ ಕೊರೆಯುವಷ್ಟು ತಣ್ಣಗಿತ್ತು.

"ಮೇಲಿನ ಮೂಲೆ ಬಿಡ್ಬೇಡ ಕಣೇ!" ಎಂದು ಕೂಗಿದೆ.

ಸದ್ದು ನಿಧಾನವಾಗಿ ಮೇಲಕ್ಕೆ ಹತ್ತಿತು. ಇದ್ದ ಒಂದೇ ಏಣಿ ನನ್ನ ಕಾಲ ಕೆಳಗಿದೆ ಎಂದು ಆಗ ಹೊಳೆಯಿತು.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಶರ್ವಾಣಿಯ ದನಿ ಬಂತು. "ರೀ, ಯಾರ್ ಜೊತೆ ಮಾತಾಡ್ತಿದ್ದೀರಾ?"

ಇಬ್ಬರೂ ಒಳಗೆ ಹೋಗಿ ನೋಡಿದೆವು. ಯಾರೂ ಇರಲಿಲ್ಲ. ಗೋಡೆಗೆ ಮೇಲಿನ ಮೂಲೆಯವರೆಗೂ ಹಸಿ ಸುಣ್ಣ ಬಳಿದಿತ್ತು. ತಿಳಿನೀಲಿ ಸುಣ್ಣ.

ಶರ್ವಾಣಿ ತಂದಿದ್ದ ನೀಲಿಯ ಪೊಟ್ಟಣ ಇನ್ನೂ ಬಿಚ್ಚದೆ ಅವಳ ಕೈಯಲ್ಲೇ ಇತ್ತು.