ಸೋರುವ ಜಾಗ

"ನಾಟಕ ಸಾಕು! ನೆಟ್ಟಗೆ ಕೂತ್ಕೋ!"

ಅಪ್ಪನ ಗದರಿಕೆಗೆ ಕಣ್ಣಾಸ್ಪತ್ರೆಯ ಬೆಂಚುಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮೆಣಸಿ ಮುಖ ಊದಿಸಿಕೊಂಡಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳೆಂದು ಮನೆಯವರು ಕೊಟ್ಟ ಹೆಸರು ಅದು. ಆ ಕೋಪ ಯಾರಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ.

"ನಾಟಕ ಅಲ್ಲ! ಬೋರ್ಡೆಲ್ಲ ಮಬ್ಬು. ಕಪ್ಪು ಚುಕ್ಕೆ ಓಡಾಡ್ತವೆ. ಎಷ್ಟು ಸಲ ಹೇಳ್ಲಿ?"

"ಕಣ್ಣು ಕೆಂಪಗಿಲ್ಲ, ನೋವಿಲ್ಲ, ನೀರಿಲ್ಲ. ಲೆಕ್ಕದ ಪೀರಿಯಡ್ ಬಂದ್ರೆ ಮಾತ್ರ ಮಬ್ಬಾ? ನಿಮ್ಮ ಟೀಚರ್ ಹಟ ಹಿಡಿದ್ರು ಅಂತ ಅಂಗಡಿ ಮುಚ್ಚಿ ಬಂದಿದೀನಿ!"

ಅಪ್ಪನದು ಪಂಕ್ಚರ್ ಅಂಗಡಿ. ಮೆಣಸಿಗೆ ಮೈಯೆಲ್ಲ ಉರಿಯಿತು.

"ಟ್ಯೂಬನ್ನ ಹಂಗೇ ನೋಡಿದ್ರೆ ತೂತು ಕಾಣುತ್ತಾ? ನೀರಲ್ಲಿ ಮುಳುಗಿಸಿ ನೋಡಲ್ವಾ ನೀನು? ಟ್ಯೂಬಿಗೆ ಇರೋ ಮರ್ಯಾದೆನೂ ನಂಗಿಲ್ವಾ?"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಕತ್ತಲೆ ಕೋಣೆ. ನರ್ಸ್ ತೋಳಿಗೆ ಸೂಜಿ ಚುಚ್ಚಿ ಹಳದಿ ಔಷಧಿ ಹಾಕಿದರು. ಕಣ್ಣಿನ ಫೋಟೊ ತೆಗೆಯುವ ಕ್ಯಾಮೆರಾ ಹಿಂದಿದ್ದ ಆಸ್ಪತ್ರೆಯ ಅಕ್ಕ, "ಗಲ್ಲ ಇಲ್ಲಿಡು. ಹಸಿರು ಚುಕ್ಕೆ ನೋಡು. ನಾಳೆವರೆಗೂ ಉಚ್ಚೆ ಹಳದಿ ಬರುತ್ತೆ, ಗಾಬರಿ ಬೀಳ್ಬೇಡ" ಎಂದಳು.

"ಅಪ್ಪಂಗೂ ಹೇಳಿ. ಅದನ್ನೂ ನಾಟಕ ಅಂತಾನೆ."

ಅಕ್ಕ ನಕ್ಕಳು. ಮೆಣಸಿ ನಗಲಿಲ್ಲ. ಫಳ್, ಫಳ್ ಎಂದು ಬೆಳಕು ಮಿಂಚಿತು.

ಆಮೇಲೆ ಡಾಕ್ಟರು ಅಪ್ಪ-ಮಗಳಿಬ್ಬರನ್ನೂ ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿದರು. ಮೆಣಸಿಯ ಕಣ್ಣಿನ ಒಳಗು ಎಲೆ ಉದುರಿದ ಮರದ ಕೊಂಬೆಗಳಂತಿತ್ತು. ಅಲ್ಲಲ್ಲಿ ಬೆಳ್ಳಗಿನ ಮಸುಕು.

"ತೋಳಿಗೆ ಹಾಕಿದ ಹಳದಿ ಬಣ್ಣ ರಕ್ತನಾಳದ ಒಳಗೇ ಇರಬೇಕಿತ್ತು. ಇಲ್ನೋಡಿ, ಹೊರಗೆ ಹರಡಿದೆ. ಕಣ್ಣಿನೊಳಗೆ ಉರಿಯೂತ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ."

ಅಪ್ಪ ಬಗ್ಗಿದ. ಬೆರಳು ಪರದೆಯ ಮೇಲೆ ಮೆಲ್ಲಗೆ ಸರಿಯಿತು. "ಸೋರ್ತಿದೆ... ಇಲ್ಲೂ... ಇಲ್ಲೂ ಸೋರ್ತಿದೆ." ಅಪ್ಪನ ದನಿ ಅಷ್ಟು ಸಣ್ಣದಾಗಿದ್ದನ್ನು ಮೆಣಸಿ ಎಂದೂ ಕೇಳಿರಲಿಲ್ಲ. "ನಿಲ್ಲುತ್ತಾ ಡಾಕ್ಟ್ರೇ?"

"ಇವತ್ತೇ ಔಷಧಿ ಶುರು ಮಾಡೋಣ. ಬಿಟ್ಟಿದ್ರೆ ದೃಷ್ಟಿಗೇ ಕುತ್ತು ಬರ್ತಿತ್ತು. ಮಗು ಯಾವಾಗಿಂದ ಹೇಳ್ತಿದ್ಳು?"

ಅಪ್ಪ ತಲೆ ತಗ್ಗಿಸಿದ.

ಮೆಣಸಿಯ ನಾಲಿಗೆ ತುದಿಯಲ್ಲಿ ಒಂದು ಮಾತು ಸಿದ್ಧವಾಗಿತ್ತು: ಈಗೇನಂತೀಯಾ, ನಾಟಕನಾ? ಹೊರಗೆ ಹೋದ ಮೇಲೆ, ಎಲ್ಲರೆದುರಿಗೆ, ಗಟ್ಟಿಯಾಗಿ ಕೇಳಬೇಕು.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚಿತು. ಒಬ್ಬ ಸ್ಕೂಟರನ್ನು ಮೆಟ್ಟಿಲ ಹತ್ತಿರವೇ ತಂದು ನಿಲ್ಲಿಸಿದ.

"ಕಣ್ಣು ಕಾಣಲ್ವೇನಯ್ಯಾ!" ಅಪ್ಪ ಅಬ್ಬರಿಸಿದ. ಮರುಕ್ಷಣವೇ ತುಟಿ ಕಚ್ಚಿಕೊಂಡ. ರಬ್ಬರ್ ವಾಸನೆಯ ಅಂಗೈಯನ್ನು ಅವಳ ಹಣೆಗೆ ನೆರಳಾಗಿ ಹಿಡಿದ.



ಮೆಣಸಿ ನಾಲಿಗೆ ತುದಿಯ ಮಾತನ್ನು ನುಂಗಿಕೊಂಡಳು. ಕೋಪ ಇನ್ನೂ ಇತ್ತು. ಆದರೂ ಆ ಕೈಯನ್ನು ಕೆಳಗಿಳಿಸಿ ಬಿಗಿಯಾಗಿ ಹಿಡಿದುಕೊಂಡಳು.

"ಅಪ್ಪಾ, ಮೆಟ್ಟಿಲು ಸರಿಯಾಗಿ ಕಾಣ್ತಿಲ್ಲ."

ಅಪ್ಪ ಒಂದು ಮೆಟ್ಟಿಲು ಇಳಿದು, ಅವಳಿಗಾಗಿ ಕಾದು ನಿಂತ.