ಸಂಗಪ್ಪನ ದನಿ

"ಬ್ಯಾಡ್ರಿ. ನನ್ನ ಎದಿ ಮಾಹಿತಿ ನಾ ಯಾರಿಗೂ ಕೊಡಂಗಿಲ್ಲ."

ಸಂಗಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಆದರೂ ಇಳಕಲ್ಲಿನ ಮಾಹಿತಿ ಕೇಂದ್ರದ ಸಣ್ಣ ಪೆಟ್ಟಿಗೆಯಿಂದ ಅವನದೇ ದನಿ ಬಂತು, ಆ ಏದುಸಿರಿನ ಸಮೇತ. ತಂಗಿ ನೀಲಾಂಬಿಕೆ ಪೆಟ್ಟಿಗೆಯ ಕಡೆಗೆ ಬಾಗಿದಳು. ಪೆಟ್ಟಿಗೆಯನ್ನು ಕಂಡುಹಿಡಿದ ವಿಜ್ಞಾನಿ ಅವಳೇ.

ಅದರ ಹೆಸರು ಸಾಕ್ಷಿದನಿ. ಹನ್ನೊಂದು ದೇಶಗಳು ತಮ್ಮ ಜನರ ಆರೋಗ್ಯದ ಮಾಹಿತಿ ಹಂಚಿಕೊಳ್ಳಲು ಒಕ್ಕೂಟ ಕಟ್ಟಿದ್ದೇ ಅದನ್ನು ನಂಬಿ. ಮನುಷ್ಯ ಇನ್ನೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರದಿಂದ ಅದು ಅವನ ಮನಸ್ಸನ್ನು ಕಲಿಯುತ್ತಿತ್ತು. ಆಮೇಲೆ ಯಾರೇ ಕೇಳಲಿ, ಅವನು ಬದುಕಿರಲಿ ಸತ್ತಿರಲಿ, ಅವನನ್ನು ಕೇಳದೆ ಅವನ ಪರವಾಗಿ ಅವನದೇ ದನಿಯಲ್ಲಿ ಹೂಂ ಅಥವಾ ಊಹೂಂ ಎನ್ನುತ್ತಿತ್ತು. ಹೂಂ ಎಂದರೆ, ಆ ಮಾಹಿತಿಯಿಂದ ಹುಟ್ಟಿದ ಮದ್ದು, ಮಾಹಿತಿ ಕೊಟ್ಟವರ ಊರಿಗೂ ತಪ್ಪದೆ ಬರಬೇಕು. ಊಹೂಂ ಎಂದರೆ ಸರ್ಕಾರವೂ ಮುಟ್ಟುವಂತಿಲ್ಲ. ಸತ್ತವರ ಮಾತಿಗೂ ಇಷ್ಟು ಮರ್ಯಾದೆ ಕೊಡಿಸಿದೆನೆಂಬ ಹೆಮ್ಮೆ ನೀಲಾಂಬಿಕೆಗೆ ಕಡಿಮೆ ಇರಲಿಲ್ಲ ಅನ್ನಿ.

ಈಗ ಕೇಳಿದ್ದು ವಿಯೆಟ್ನಾಮಿನ ಒಂದು ಪ್ರಯೋಗಾಲಯ. ಕಲ್ಲಿನ ಧೂಳಿಗೆ ಗಟ್ಟಿಯಾಗುವ ಶ್ವಾಸಕೋಶಕ್ಕೆ ಅವರು ಮದ್ದು ಹುಡುಕುತ್ತಿದ್ದರು. ಗ್ರಾನೈಟ್ ಕ್ವಾರಿಯಲ್ಲಿ ಡ್ರಿಲ್ ಹಿಡಿದ ಸಂಗಪ್ಪ ಹನ್ನೆರಡು ವರ್ಷ ಎದೆಗೆ ಉಸಿರಾಟ ದಾಖಲಿಸುವ ಪಟ್ಟಿ ಕಟ್ಟಿಕೊಂಡಿದ್ದ. ಅಂಥ ದಾಖಲೆ ಇನ್ನೆಲ್ಲೂ ಇರಲಿಲ್ಲ. ಅದೇ ಕ್ವಾರಿಯಲ್ಲಿ ಕಲ್ಲು ಹೊತ್ತ ಅವನ ಹೆಂಡತಿ ಗಂಗವ್ವ, ಅದೇ ರೋಗ ಹಚ್ಚಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೆಮ್ಮುತ್ತಿದ್ದಳು.

"ಇದು ಅವರ ಮಾತಲ್ಲ ನೀಲವ್ವ. ಹಸಿದವ್ರಿಗೆ ತಮ್ಮ ಬುತ್ತಿ ಬಿಚ್ಚಿ ಕೊಟ್ಟು ಬರ್ತಿದ್ರು."

ನೀಲಾಂಬಿಕೆ ಹಳೆಯ ಉತ್ತರಗಳನ್ನು ತೆರೆದಳು. ನೋಡನೋಡುತ್ತ ಅವನ್ನು ತುಂಬಿದ ದಿನ ನೆನಪಾಯಿತು. ಅಂದು ಕೆಲಸ ಮುಗಿಸಿ ಬಂದ ಅಣ್ಣ, "ನೀನ ತುಂಬವ್ವಾ ತಂಗಿ, ನನಗೇನ್ ತಿಳೀತದ" ಎಂದು ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಇನ್ನೂರಕ್ಕೂ ಗುರುತು ಹಾಕಿದವಳು ಅವಳೇ. ಅಣ್ಣನನ್ನು ಯಾರೂ ಸುಲಿಯಬಾರದೆಂಬ ಹಟದಲ್ಲಿ, ಅನುಮಾನ ಬಂದಲ್ಲೆಲ್ಲ 'ಬೇಡ' ಎಂದಿದ್ದಳು. ಎಂಟು ವರ್ಷದಿಂದ ಅಣ್ಣನ ಗಂಟಲಲ್ಲಿ ಕೂತು ಮಾತಾಡಿದವಳು ತಾನೇ ಎಂದು ತಿಳಿದಾಗ ಅವಳಿಗೆ ನಿಜವಾಗಿ ಭಯವಾಯಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವಳು ಇನ್ನೊಬ್ಬಳು.

"ವೈನಿ, ಇದನ್ನ ತುಂಬಿದಾಕಿ ನಾನ. ಒಕ್ಕೂಟಕ್ಕ ಹೇಳಿಬಿಡ್ತೀನಿ. ಅಣ್ಣನ ದನಿ ಬಂದ್ ಮಾಡ್ತಾರ. ಆಮ್ಯಾಲೆ ತೀರ್ಮಾನ ನಿಮ್ಮದು."

ಹೇಳಿದರೆ ಹನ್ನೊಂದು ದೇಶಗಳ ನಂಬಿಕೆಯೇ ಅಲುಗಾಡುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. ಹೀಗೆ ಬೇರೆಯವರದನ್ನು ತುಂಬಿದವರು ಇನ್ನೂ ಇದ್ದೀರಾ ಎಂದು ಒಕ್ಕೂಟ ಕೇಳಿತು. ಮೂರೇ ದಿನದಲ್ಲಿ ನಲವತ್ತು ಲಕ್ಷ ತಪ್ಪೊಪ್ಪಿಗೆ ಬಂದವು. ಅಮ್ಮನ ಬದಲು ಮಗ, ಗಂಡನ ಬದಲು ಹೆಂಡತಿ. ಹಿರಿಯರ ಫೋನು ಇಸಿದುಕೊಂಡು, ಓದದೆ 'ಒಪ್ಪಿದ್ದೇನೆ' ಒತ್ತಿ, ವಾಪಸು ಕೊಡುವ ಅದೇ ಅವಸರ ಎಲ್ಲ ದೇಶಗಳಲ್ಲೂ ಇತ್ತು.

ಸಂಗಪ್ಪನ ದನಿ ನಿಂತಿತು. ಗಂಗವ್ವ ಅವನ ದಾಖಲೆಗೆ ಹೂಂ ಎಂದು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಕೇಳಿದಳು: "ಅವತ್ತ ನಂದೂ ನೀನ ತುಂಬಿದ್ದಿ ಅಲ್ಲಾ?"

ನೀಲಾಂಬಿಕೆ ಗಂಗವ್ವನ ಪುಟ ತೆರೆದಳು. ಈ ವರ್ಷವೇ ಮೂರು ದೇಶದವರು ಅವಳ ಎದೆಯ ಮಾಹಿತಿ ಕೇಳಿದ್ದರು. ಮೂರು ಸಲವೂ ಗಂಗವ್ವನದೇ ದನಿ 'ಬ್ಯಾಡ್ರಿ' ಎಂದು ಅವರನ್ನು ವಾಪಸು ಕಳಿಸಿತ್ತು.

ಗಂಗವ್ವ ಬಹಳ ಹೊತ್ತು ಕೆಮ್ಮಿದಳು.

"ನಾ ಇನ್ನೂ ಸತ್ತಿಲ್ಲವ್ವಾ," ಎಂದಳು. "ನನ್ನನ್ನರ ಕೇಳಬೇಕಿತ್ತು."